ಹದಿನೆಂಟಕ್ಕೇ ಒಲಿಂಪಿಕ್ ಚಿನ್ನ: ಕ್ಯೂಬಾದ ಹುಡುಗರು ಪಳಗುವುದು ಎಲ್ಲಿ?

2008ರ ಬೀಜಿಂಗ್ ಒಲಿಂಪಿಕ್ಸ್ ಬಾಕ್ಸಿಂಗ್ ಸೆಮಿಫೈನಲ್‌ನಲ್ಲಿ ನಮ್ಮ ವಿಜೇಂದರ್ ಸಿಂಗ್ 5-8ರಿಂದ ಸೋತಿದ್ದು ನೆನಪಿದೆಯಾ? ಸೋಲಿಸಿದವರು ಕ್ಯೂಬಾದ ಎಮಿಲಿಯೊ ಕೊರಿಯಾ. ಅವರ ಅಪ್ಪನ ಹೆಸರೂ ಅದೇ. ಆ ಅಪ್ಪ 1972ರಲ್ಲಿ ಮ್ಯೂನಿಕ್‌ನಲ್ಲಿ ಚಿನ್ನ ಗೆದ್ದಿದ್ದರು.

ಹಾಗಂತ ಇದು ರಕ್ತದಲ್ಲೇ ಬಂದ ವಿದ್ಯೆ ಅನ್ನಬೇಡಿ. 1968ಕ್ಕೆ ಮುಂಚೆ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಕ್ಯೂಬಾಕ್ಕೆ ಒಂದು ಪದಕವೂ ಇರಲಿಲ್ಲ. ಬಾಕ್ಸರ್‌ಗಳಿಗೇನೂ ಬರ ಇರಲಿಲ್ಲ. ಕಿಡ್ ಚಾಕೊಲೇಟ್ 1931ರಲ್ಲೇ ವೃತ್ತಿಪರ ವಿಶ್ವ ಚಾಂಪಿಯನ್. ಆದರೆ ಆಗೆಲ್ಲ ಕೈಯಲ್ಲಿ ಕಸುವಿದ್ದವರು ದುಡ್ಡು ಹುಡುಕಿಕೊಂಡು ಅಮೆರಿಕಕ್ಕೆ ಹೋಗುತ್ತಿದ್ದರು.

1959ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಕ್ರಾಂತಿಯಾಯಿತು. 1962ರಲ್ಲಿ ಸರ್ಕಾರ ವೃತ್ತಿಪರ ಕ್ರೀಡೆಗೇ ಬೀಗ ಹಾಕಿತು. ಉಳಿದಿದ್ದು ದೇಶದ ಅಂಗಿ ತೊಟ್ಟು ಆಡುವ ದಾರಿ ಒಂದೇ. ಕೋಚ್ ಅಲ್ಸಿಡೆಸ್ ಸಗಾರಾ, ಸೋವಿಯತ್‌ನಿಂದ ಬಂದ ಆಂದ್ರೇ ಚೆರ್ವೊನೆಂಕೊ ಸೇರಿ ಆ ದಾರಿಗೆ ಮೆಟ್ಟಿಲು ಕಟ್ಟಿದರು. ಮೊದಲು ಬೀದಿಯ ಜಿಮ್. ಅಲ್ಲಿ ಕಣ್ಣಿಗೆ ಬಿದ್ದರೆ ಪ್ರಾಂತ್ಯದ ಕ್ರೀಡಾ ಶಾಲೆ, ಪಾಠದ ಜೊತೆಗೇ ತಾಲೀಮು. ಕೊನೆಗೆ ಹವಾನಾ ಅಂಚಿನಲ್ಲಿರುವ ರಾಷ್ಟ್ರೀಯ ಶಿಬಿರ, ಬಾಕ್ಸರ್‌ಗಳ ಬಾಯಲ್ಲಿ 'ಲಾ ಫಿಂಕಾ', ಅಂದರೆ ತೋಟ.

ಬುಡದ ಮೆಟ್ಟಿಲು ನೋಡಬೇಕಾದರೆ ಹಳೇ ಹವಾನಾದ ರಫಾಯೆಲ್ ತ್ರೆಹೊ ಜಿಮ್ ಸಾಕು. ಹಳೆಯ ಮನೆಗಳ ನಡುವೆ, ಬಯಲಲ್ಲೇ ಒಂದು ರಿಂಗ್. ಸವೆದ ಗ್ಲೌಸು, ಗುದ್ದಲು ಹಳೇ ಟೈರು. ಕಲಿಸುವವರಲ್ಲಿ ಒಂದು ಕಾಲಕ್ಕೆ ಪದಕ ಗೆದ್ದವರೂ ಇರುತ್ತಾರೆ. ಇಲ್ಲಿ ಮೊದಲು ಪಳಗಬೇಕಾದ್ದು ಕಾಲು. ಹೊಡೆದು ಜಾರಿಕೊಳ್ಳಬೇಕು, ಎದುರಾಳಿಯ ಗುದ್ದು ಗಾಳಿಗೆ ಹೋಗಬೇಕು. ಡಾನ್ಸ್ ಥರ ಕಾಣುತ್ತದೆ, ಆದರೆ ಸುಮ್ನೆ ಬರುವಂಥದ್ದಲ್ಲ. ಒಂದೇ ಹೆಜ್ಜೆಯನ್ನು ವರ್ಷಗಟ್ಟಲೆ ತಿದ್ದಿಸಿಕೊಂಡ ಫಲ ಅದು.

ಫಲ ಬೇಗ ಸಿಕ್ಕಿತು. ಮ್ಯೂನಿಕ್‌ನಲ್ಲಿ ಮೂರು ಚಿನ್ನ. ಅದರಲ್ಲೊಂದು 20ರ ಹುಡುಗ ತಿಯೊಫಿಲೊ ಸ್ಟೀವನ್‌ಸನ್‌ದು. ಅವರು ಮುಂದೆ ಇನ್ನೆರಡು ಗೆದ್ದರು, ವೃತ್ತಿಪರರಾಗಲು ಬಂದ ದೊಡ್ಡ ಆಫರ್ ಬೇಡ ಅಂದರು. 1992ರ ಬಾರ್ಸಿಲೋನಾದಲ್ಲಿ 12 ಚಿನ್ನಗಳಲ್ಲಿ ಏಳು ಕ್ಯೂಬಾಕ್ಕೆ.

ರೊಬೆಯ್ಸಿ ರಮಿರೆಸ್ 2010ರಲ್ಲಿ ಯೂತ್ ಒಲಿಂಪಿಕ್ಸ್ ಚಿನ್ನ ಗೆದ್ದರು. ಎರಡೇ ವರ್ಷಕ್ಕೆ, ಹದಿನೆಂಟರಲ್ಲಿ, ಲಂಡನ್‌ನಲ್ಲಿ ದೊಡ್ಡವರ ಚಿನ್ನ. 2016ರಲ್ಲಿ ಇನ್ನೊಂದು. 2018ರಲ್ಲಿ ಮೆಕ್ಸಿಕೊಕ್ಕೆ ತಂಡದ ಜೊತೆ ಹೋದವರು ವಾಪಸ್ ಬರಲೇ ಇಲ್ಲ. ಮರುವರ್ಷದ ಮೊದಲ ವೃತ್ತಿಪರ ಪಂದ್ಯದಲ್ಲಿ, ಮೊದಲ ರೌಂಡ್‌ನಲ್ಲೇ ನೆಲ ಕಂಡರು, ಸೋತರು! 2023ರಲ್ಲಿ ಡಬ್ಲ್ಯುಬಿಒ ಬೆಲ್ಟ್, ಅಂದರೆ ವೃತ್ತಿಪರ ವಿಶ್ವ ಪಟ್ಟ, ಗೆದ್ದರು, ಅದು ಬೇರೆ ಮಾತು.

ಹೀಗೆ ಹೋದವರು ಜಾಸ್ತಿ. ದುಡ್ಡು ಅಲ್ವಾ, ಯಾರನ್ನು ದೂರುವುದು? 2022ರಲ್ಲಿ ಸರ್ಕಾರವೇ ಮಣಿದು, ವೃತ್ತಿಪರ ಪಂದ್ಯಗಳಿಗೆ ತನ್ನ ಬಾಕ್ಸರ್‌ಗಳನ್ನು ಕಳಿಸತೊಡಗಿತು.

2024ರ ಪ್ಯಾರಿಸ್‌ನಲ್ಲಿ ಕ್ಯೂಬಾಕ್ಕೆ ಬಾಕ್ಸಿಂಗ್‌ನಲ್ಲಿ ಸಿಕ್ಕಿದ್ದು ಒಂದೇ ಚಿನ್ನ. ಎರಡು ಬಾರಿಯ ಚಾಂಪಿಯನ್ ಹುಲಿಯೊ ಸೆಸಾರ್ ಲಾ ಕ್ರುಸ್ ಮೊದಲ ಪಂದ್ಯದಲ್ಲೇ ಮನೆಗೆ ನಡೆದರು. ಅವರನ್ನು ಸೋಲಿಸಿದವರ ಅಂಗಿ ಅಜರ್‌ಬೈಜಾನ್‌ದು. ಆದರೆ ಆ ಲೊರೆನ್ ಅಲ್ಫೋನ್ಸೊ ಹುಟ್ಟಿದ್ದು ಕ್ಯೂಬಾದಲ್ಲೇ.