ಕಾರಿಗೆ ಮೊದಲ ಹ್ಯಾಮ್ ರೇಡಿಯೋ: ದುಡ್ಡು ಎಲ್ಲಿ ಹಾಕಬೇಕು?

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದವರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸಾರ್, ಕಾರಿಗೆ ಯಾವ ಸೆಟ್ ತಗೊಳ್ಳಲಿ? 50 ವಾಟ್ ಸಾಕಾ?" ವಾಹನಗಳಿಗೆ ವೈರ್‌ಲೆಸ್ ಸೆಟ್ ಕೂರಿಸುವುದು ನನ್ನ ಕಸುಬು. ನಾನು ಅವರನ್ನು ಮೊದಲು ಕೇಳುವುದು, ಕಾರಿಗೆ ಸನ್‌ರೂಫ್ ಇದೆಯಾ ಅಂತ. ಆಂಟೆನಾ ಎಲ್ಲಿ ಕೂರುತ್ತದೆ ಎಂದು ತೀರ್ಮಾನ ಆಗುವ ಮೊದಲೇ ಸೆಟ್ಟಿನ ಮಾತು ಎತ್ತಿದರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ನಿಮ್ಮ ಬಜೆಟ್ ಎಷ್ಟೇ ಇರಲಿ, ಆಂಟೆನಾ, ಮೌಂಟ್, ಕೇಬಲ್, ವೈರಿಂಗ್ ಇಷ್ಟಕ್ಕೆ ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಸೆಟ್ ನೋಡೋಣ.

ಏಕೆ ಹೀಗೆ ಹೇಳುತ್ತೇನೆ ಅಂದರೆ, ಲೆಕ್ಕ ಹಾಗಿದೆ. 5 ವಾಟಿನ ಹ್ಯಾಂಡಿಯಿಂದ (ಕೈಯಲ್ಲಿ ಹಿಡಿಯುವ ಚಿಕ್ಕ ಸೆಟ್) 50 ವಾಟಿನ ಮೊಬೈಲ್ ಸೆಟ್ಟಿಗೆ ಹೋದರೆ ಸಿಗುವುದು 10 ಡೆಸಿಬೆಲ್. ಬಂದ ಸಿಗ್ನಲಿನ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಅಂಕಕ್ಕೆ 6 ಡೆಸಿಬೆಲ್. ಅಂದರೆ ಹತ್ತು ಪಟ್ಟು ವಾಟ್ ಸುರಿದರೂ ಆ ಕಡೆಯವರ ಮೀಟರಿನಲ್ಲಿ ಮುಳ್ಳು ಎರಡು ಅಂಕ ಕೂಡ ಏರುವುದಿಲ್ಲ. ಕಾರಿನ ಮೈ ಪೂರ್ತಿ ತಗಡು. ಒಳಗೆ ಕೂತು ಹ್ಯಾಂಡಿಯ ಗಿಡ್ಡ ರಬ್ಬರ್ ಆಂಟೆನಾದಲ್ಲಿ ಮಾತಾಡಿದರೆ ಸಿಗ್ನಲ್ ಕಿಟಕಿ ಗಾಜಿನಲ್ಲೇ ದಾರಿ ಹುಡುಕಬೇಕು. ಅದೇ ಹ್ಯಾಂಡಿಗೆ ಚಾವಣಿಯ ಮೇಲೆ ಒಂದು ಸರಿಯಾದ ಆಂಟೆನಾ ಕೊಡಿ. ಎಷ್ಟೋ ಸಲ 10 ಡೆಸಿಬೆಲ್‌ಗಿಂತ ಜಾಸ್ತಿ ಲಾಭ ಅಲ್ಲೇ ಸಿಗುತ್ತದೆ. ಅದಕ್ಕಿಂತ ಮುಖ್ಯ, ಕೇಳುವುದೂ ಸುಧಾರಿಸುತ್ತದೆ. ವಾಟ್ ಜಾಸ್ತಿ ಮಾಡಿದರೆ ನಿಮ್ಮ ಮಾತು ಮಾತ್ರ ದೂರ ಹೋಗುತ್ತದೆ, ದೂರದವರ ಮಾತು ನಿಮಗೆ ಕೇಳಿಸುವುದಿಲ್ಲ.

ಹಾಗಾಗಿ ಈಗಾಗಲೇ ಹ್ಯಾಂಡಿ ಇರುವವರಿಗೆ ನನ್ನ ಸಲಹೆ, ಮೊದಲು ಆಂಟೆನಾ ಮಾತ್ರ ತಗೊಂಡು ಕೆಲವು ತಿಂಗಳು ಓಡಾಡಿ. ನೀವು ಓಡಾಡುವ ದಾರಿಯಲ್ಲಿ ಯಾವ ರಿಪೀಟರ್ (ಬಂದ ಸಿಗ್ನಲನ್ನು ಎತ್ತರದಿಂದ ಮತ್ತೆ ದೂರಕ್ಕೆ ಕಳಿಸುವ ಸ್ಟೇಷನ್) ಎಲ್ಲಿವರೆಗೆ ತೆರೆಯುತ್ತದೆ, ಅಂದರೆ ನಿಮ್ಮ ಕರೆಗೆ ಓಗೊಡುತ್ತದೆ, ಯಾರು ಯಾವ ಹೊತ್ತಿಗೆ ಮಾತಿಗೆ ಸಿಗುತ್ತಾರೆ ಎಲ್ಲ ಗೊತ್ತಾಗುತ್ತದೆ. ಆದರೆ ಹ್ಯಾಂಡಿಯಲ್ಲೇ ಇದ್ದುಬಿಡಿ ಅಂತ ಹೇಳಲಾರೆ. ದೊಡ್ಡ ಆಂಟೆನಾ ಕೊಟ್ಟಾಗ ಅಗ್ಗದ ಹ್ಯಾಂಡಿಗಳು ನಗರದೊಳಗೆ ಅಕ್ಕಪಕ್ಕದ ಬಲವಾದ ಸ್ಟೇಷನ್‌ಗಳಿಗೆ ಕಂಗಾಲಾಗುತ್ತವೆ. ಅವುಗಳ ಚಿಕ್ಕ ಸ್ಪೀಕರ್ ಹೆದ್ದಾರಿಯ ಗಾಳಿ ಸದ್ದಿನಲ್ಲಿ ಸರಿಯಾಗಿ ಕೇಳಿಸುವುದೂ ಇಲ್ಲ.

ಈಗ ಆಂಟೆನಾ. ಮೊದಲ ಸೆಟ್ 2 ಮೀಟರ್ ಬ್ಯಾಂಡಿನದು (ತರಂಗದ ಉದ್ದ ಸುಮಾರು 2 ಮೀಟರ್ ಇರುವ ಬ್ಯಾಂಡ್) ಅಂದುಕೊಳ್ಳೋಣ, ಯಾಕೆಂದರೆ ನಮ್ಮ ಕಡೆ ವಾಹನದಲ್ಲಿ ನಡೆಯುವ ಮಾತುಕತೆ ಬಹುತೇಕ ಅಲ್ಲೇ. 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಕಡ್ಡಿ ಅಂದರೆ ಸುಮಾರು 50 ಸೆಂಟಿಮೀಟರ್. ನೋಡಲು ಸಾದಾ ಕಡ್ಡಿ. ಆದರೆ ಚಾವಣಿಯ ನಟ್ಟನಡುವೆ ಕೂರಿಸಿದರೆ ಅದರಷ್ಟು ನಂಬಿಕಸ್ಥ ಆಂಟೆನಾ ಇನ್ನೊಂದಿಲ್ಲ. ಚಾವಣಿಯ ತಗಡೇ ಅದರ ಇನ್ನರ್ಧ. ತರಂಗದ ಉದ್ದದ ಎಂಟರಲ್ಲಿ ಐದು ಪಾಲಿನ (5/8) ಕಡ್ಡಿ ಸುಮಾರು 1.25 ಮೀಟರ್ ಉದ್ದ ಬರುತ್ತದೆ. ಚಿತ್ರದುರ್ಗ, ದಾವಣಗೆರೆ ಕಡೆಯ ಬಯಲು ದಾರಿಯಲ್ಲಿ ಅದು ದೂರ ಹೋಗುತ್ತದೆ, ಏಕೆಂದರೆ ಸಿಗ್ನಲನ್ನು ನೆಲಕ್ಕೆ ಸಮನಾಗಿ ತಳ್ಳುತ್ತದೆ. ಘಾಟಿಯಲ್ಲಿ ಕತೆ ಬೇರೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ರಿಪೀಟರ್ ಇದ್ದರೆ ಅದು ತಲೆಯ ಮೇಲೆ, ಬೆಟ್ಟದ ತುದಿಯಲ್ಲಿ ಇರುತ್ತದೆ. ಅಲ್ಲಿ ಕಾಲು ತರಂಗದ ಗಿಡ್ಡ ಕಡ್ಡಿಯೇ ವಾಸಿ, ಜೊತೆಗೆ ಮರದ ಕೊಂಬೆಗೂ ಸಿಕ್ಕಿಕೊಳ್ಳುವುದಿಲ್ಲ. ಮಲೆನಾಡಿನವರಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ.

ಇನ್ನು ಸನ್‌ರೂಫ್ ವಿಷಯ. ಮ್ಯಾಗ್ನೆಟ್ ಮೌಂಟ್ ಹಿಡಿಯಲು ಕಬ್ಬಿಣದ ತಗಡು ಬೇಕು. ಈಗಿನ ಎಷ್ಟೋ ಕಾರುಗಳ ಚಾವಣಿ ಅರ್ಧಕ್ಕರ್ಧ ಗಾಜು. ಅಂಥ ಕಡೆ ಹಿಂಬಾಗಿಲಿನ ಅಥವಾ ಬಾನೆಟ್ಟಿನ ಅಂಚಿಗೆ ಹಿಡಿಸುವ ಲಿಪ್ ಮೌಂಟ್ ಹಾಕಬೇಕಾಗುತ್ತದೆ. ಅದರ ಪುಟಾಣಿ ಸ್ಕ್ರೂಗಳು ಪೇಂಟನ್ನು ಕೊರೆದು ಲೋಹಕ್ಕೆ ತಾಗಲೇಬೇಕು. ಪೇಂಟ್ ಹಾಳಾಗುತ್ತದೆ ಅಂತ ಕೆಳಗೆ ರಬ್ಬರ್ ತುಂಡು ಇಟ್ಟು ಬಿಗಿದವರ ಕಾರುಗಳನ್ನು ನೋಡಿದ್ದೇನೆ. ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ಹೇಳುವ ಎಸ್‌ಡಬ್ಲ್ಯೂಆರ್ (ಕಮ್ಮಿ ಇದ್ದಷ್ಟೂ ಒಳ್ಳೆಯದು) ಮೂರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸ್ಕ್ರೂ ಲೋಹಕ್ಕೆ ತಾಗಲಿ, ಆ ಜಾಗಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ. ಕರಾವಳಿಯವರಂತೂ ಮರೆಯಬಾರದು, ಉಪ್ಪುಗಾಳಿಗೆ ಒಂದು ಮಳೆಗಾಲ ಸಾಕು ತುಕ್ಕು ಹಿಡಿಯಲು. ಲಗೇಜ್ ಕ್ಯಾರಿಯರ್ ಮೇಲೆ ಹಾಕುವವರು ಅರ್ಧ ತರಂಗದ ಆಂಟೆನಾ ಕೇಳಿ ತಗೊಳ್ಳಿ. ಅದಕ್ಕೆ ಕೆಳಗಿನ ತಗಡಿನ ಆಸರೆ ಅಷ್ಟಾಗಿ ಬೇಡ.

ಎಲ್ಲಿ ಹಾಕಿದರೂ ಎಸ್‌ಡಬ್ಲ್ಯೂಆರ್ ಮೀಟರ್ ಇಟ್ಟು ನೋಡಿ. 1.5ರ ಒಳಗೆ ಬಂದರೆ ಚೆನ್ನ, 2ರವರೆಗೆ ನಡೆಯುತ್ತದೆ. ಕೇಬಲ್ ಬಾಗಿಲ ರಬ್ಬರ್ ಮೂಲಕ ಒಳಗೆ ಬರುವ ಕಡೆ ಸ್ವಲ್ಪ ಜೋತುಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ.

ಸೆಟ್ ಆರಿಸುವುದು ಇದರಷ್ಟು ಕಷ್ಟ ಇಲ್ಲ. ಮೊದಲನೆಯದಕ್ಕೆ 2 ಮೀಟರಿನ ಸಾದಾ ಎಫ್‌ಎಂ ಸೆಟ್ ಸಾಕು. ಐಕಾಮ್‌ನ ಐಸಿ-2300ಎಚ್ ಥರದ್ದು ಒಂದೇ ಬ್ಯಾಂಡ್, 65 ವಾಟ್‌ವರೆಗೆ, ಇಳಿಸಿದರೆ 5 ವಾಟ್. ಯೇಸು (Yaesu) ಕಂಪನಿಯ ಎಫ್‌ಟಿ-2980 ಅಂತೂ 80 ವಾಟ್, ಫ್ಯಾನೇ ಇಲ್ಲ, ದೊಡ್ಡ ಹೀಟ್‌ಸಿಂಕ್ ಇದೆ. ಎರಡು ಬ್ಯಾಂಡಿನದು ಬೇಕೇ ಬೇಕು ಅನ್ನುವವರು ಮುಂಭಾಗ ಬಿಚ್ಚಿ ಬೇರೆ ಕಡೆ ಕೂರಿಸುವಂಥದ್ದನ್ನು ನೋಡಿ. ಸೆಟ್ಟಿನ ಮೈ ಸೀಟಿನ ಕೆಳಗೆ, ಮುಖ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ. ಈಗಿನ ಚಿಕ್ಕ ಕಾರುಗಳಲ್ಲಿ ಬೇರೆ ಜಾಗವೂ ಇಲ್ಲ. ಒಂದೇ ಎಚ್ಚರ: ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಸೆಟ್ಟೂ ಬೇಡ, ವೈರ್ ಕೂಡ ಬೇಡ. ಮುಂದಿನ ಗಾಜಿನ ಪಕ್ಕದ ಕಂಬಗಳ ಒಳಗೂ ಪರದೆ ಏರ್‌ಬ್ಯಾಗ್ ಇರಬಹುದು.

ಅಂಗಡಿಯಲ್ಲಿ ಸೆಟ್ ಕೈಗೆ ಸಿಕ್ಕಾಗ ನಾನು ನೋಡುವುದು ಮೂರು ಬಟನ್. ವಾಲ್ಯೂಮ್, ಚಾನೆಲ್, ವಾಟ್ ಇಳಿಸುವುದು. ಈ ಮೂರೂ ಕಣ್ಣು ರಸ್ತೆ ಮೇಲಿದ್ದಾಗಲೇ ಬೆರಳಿಗೆ ಸಿಗಬೇಕು. ಟಚ್‌ಸ್ಕ್ರೀನ್, ಡಿಜಿಟಲ್ ಮೋಡ್ ಇವೆಲ್ಲ ಎರಡನೇ ಸೆಟ್ಟಿಗೆ ಇಟ್ಟುಕೊಳ್ಳಿ. ಎಚ್‌ಎಫ್ (2 ಮೀಟರಿಗಿಂತ ಬಹಳ ಉದ್ದ ತರಂಗದ ಬ್ಯಾಂಡ್‌ಗಳು) ಕೂಡ ಹಾಗೇ. 40 ಮೀಟರಿಗೆ ಕಾರಿನ ಮೇಲೆ ಕೂರುವ ಕಡ್ಡಿ ತೀರಾ ಗಿಡ್ಡ, ಶಕ್ತಿ ಬಹುಪಾಲು ಕಾಯಿಲಿನಲ್ಲೇ ಬಿಸಿಯಾಗಿ ಹೋಗುತ್ತದೆ.

ಹೊರದೇಶದ ಮಾಡೆಲ್ ತರಿಸುವವರು ಗಮನಿಸಿ. ಅಮೆರಿಕದಲ್ಲಿ 2 ಮೀಟರ್ ಬ್ಯಾಂಡ್ 148 ಮೆಗಾಹರ್ಟ್ಸ್‌ವರೆಗೆ ಇದೆ, ನಮ್ಮಲ್ಲಿ 144ರಿಂದ 146 ಮಾತ್ರ. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ 434ರಿಂದ 438. ಸೆಟ್ ಅದರಾಚೆಯೂ ಹೋಗುತ್ತದೆ, ನೀವು ಹೋಗಬಾರದು. ನಿಮ್ಮ ದರ್ಜೆಗೆ ಎಷ್ಟು ವಾಟ್, ವಾಹನದಲ್ಲಿ ಬಳಸಲು ಏನು ಷರತ್ತು, ಇದನ್ನು ಲೈಸೆನ್ಸ್ ಮತ್ತು ನಿಯಮ ಓದಿಯೇ ಖರೀದಿಗೆ ಇಳಿಯಿರಿ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ ಅಂದ ಮಾತ್ರಕ್ಕೆ ಸಕ್ರಮ ಅಂತಲ್ಲ. ಅನುಮತಿ ಇಲ್ಲದ ವಾಕಿಟಾಕಿ ಮಾರುತ್ತಿದ್ದ ಇ-ಕಾಮರ್ಸ್ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟಿತ್ತು.

ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನನ್ನ ಹತ್ತಿರ ರಿಪೇರಿಗೆ ಬರುವ "ಕೆಟ್ಟ" ಸೆಟ್‌ಗಳಲ್ಲಿ ಅನೇಕವು ಕೆಟ್ಟಿರುವುದೇ ಇಲ್ಲ, ಅವಕ್ಕೆ ಸರಿಯಾಗಿ ಕರೆಂಟ್ ಸಿಕ್ಕಿರುವುದಿಲ್ಲ. 50 ವಾಟಿನ ಸೆಟ್ ಮಾತಾಡುವಾಗ 10 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ ಇದಕ್ಕಲ್ಲ. ಬ್ಯಾಟರಿಯಿಂದಲೇ ನೇರ ಎಳೆಯಬೇಕು. ಬಾನೆಟ್ಟಿನಿಂದ ಸೀಟಿನ ಕೆಳಗೆ 4 ಮೀಟರ್ ಅಂದುಕೊಳ್ಳಿ, ಹೋಗಿಬರಲು 8 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ 10 ಆಂಪಿಯರಿಗೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಸೋರಿಹೋಗುತ್ತದೆ. ಎಂಜಿನ್ ನಿಂತಿದ್ದು ಬ್ಯಾಟರಿ 12.5 ಇದ್ದರೆ ಸೆಟ್ಟಿಗೆ ಸಿಗುವುದು 11.1. ಬಹಳಷ್ಟು ಸೆಟ್‌ಗಳಿಗೆ ಕಂಪನಿ ಹೇಳುವುದು 13.8 ವೋಲ್ಟ್, ಶೇ 15 ಹೆಚ್ಚುಕಮ್ಮಿ. ಅಂದರೆ 11.7ಕ್ಕಿಂತ ಕೆಳಗೆ ಇಳಿಯಬಾರದು. ಮೈಕ್ ಒತ್ತಿದ ತಕ್ಷಣ ಡಿಸ್‌ಪ್ಲೇ ಮಂಕಾಗುವುದು, ಸೆಟ್ ಆಫ್ ಆಗಿ ಆನ್ ಆಗುವುದು ಇದರಿಂದಲೇ. 2.5 ಚದರ ಮಿಲಿಮೀಟರ್ ಹಾಕಿದರೆ ಸೋರಿಕೆ ಅರ್ಧ ವೋಲ್ಟಿನ ಆಸುಪಾಸು, 4 ಹಾಕಿದರೆ ಇನ್ನೂ ಕಮ್ಮಿ. ನಾನು 4 ಹಾಕುತ್ತೇನೆ. ಈಗಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಎಂಜಿನ್ ಓಡುವಾಗಲೂ ಆಲ್ಟರ್ನೇಟರ್ ವೋಲ್ಟೇಜ್ ಇಳಿಸುತ್ತದೆ. ಹಾಗಾಗಿ ವೈರಿನಲ್ಲಿ ಜಿಪುಣತನ ಬೇಡ.

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಸೆಟ್ಟಿನ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದನ್ನು ಕಾಯುವವರಿಲ್ಲ, ಬೆಂಕಿ ಹತ್ತುತ್ತದೆ. ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಡಬ್ಬಿ ಇದ್ದರೆ ನಿಮ್ಮ ವೈರನ್ನು ಟರ್ಮಿನಲ್ಲಿಗೆ ಸಿಕ್ಕಿಸಬೇಡಿ, ಬಾಡಿ ಅರ್ಥ್ ಬೋಲ್ಟಿಗೆ ಕೊಡಿ. ಇಲ್ಲದಿದ್ದರೆ ಸೆಟ್ ಎಳೆಯುವ ಕರೆಂಟ್ ಕಾರಿನ ಲೆಕ್ಕಕ್ಕೇ ಸಿಗುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಬಿಟ್ಟು ಬೇರೆ ಯಾವುದಕ್ಕೂ ಕೈ ಹಚ್ಚಬಾರದು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ದೂರ ಸರಿಯಿರಿ.

ಎಲ್ಲ ಆದ ಮೇಲೂ ಚರಪರ ಸದ್ದು ಬರುತ್ತಿದ್ದರೆ ಸೆಟ್ಟನ್ನು ಬೈಯುವ ಮೊದಲು ಯುಎಸ್‌ಬಿ ಚಾರ್ಜರ್ ಕೀಳಿ. ಆಮೇಲೆ ಡ್ಯಾಶ್‌ಕ್ಯಾಮ್, ಆಮೇಲೆ ಹೊರಗಿನಿಂದ ಹಾಕಿಸಿದ ಎಲ್‌ಇಡಿ ಲೈಟ್. ಒಂದೊಂದಾಗಿ ಆಫ್ ಮಾಡುತ್ತಾ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ.

ಇನ್ನು ಮೈಕ್. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, 2019ರ ತಿದ್ದುಪಡಿ ಆದ ಮೇಲೆ, ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಹಾಗಾಗಿ ಮೈಕಿನ ಕೊಕ್ಕೆಯನ್ನು ಪಕ್ಕದ ಸೀಟಿನವರ ಕೈಗೆ ಎಟುಕುವ ಕಡೆ ಹಾಕಿಸಿ, ಅವರಿಗೂ ಪರೀಕ್ಷೆ ಬರೆಸಿ ಲೈಸೆನ್ಸ್ ಕೊಡಿಸಿ. ಒಬ್ಬರೇ ಇದ್ದಾಗ ಕೇಳುತ್ತಾ ಹೋಗಿ. ಉತ್ತರ ಕೊಡಬೇಕಾದರೆ ಗಾಡಿ ಬದಿಗೆ ಹಾಕಿ, ವಾಟ್ ಇಳಿಸಿ ಕರೆಯಿರಿ. 5 ವಾಟಿಗೇ ರಿಪೀಟರ್ ತೆರೆದರೆ ಅಷ್ಟರಲ್ಲೇ ಮಾತಾಡಿ.