ಗಾಯಕ್ಕೆ ನೀರು ಹಾಕಿ ಮಾರಾಯ್ರೇ, ಕಾಫಿಪುಡಿ ಬೇಡ

ಹೋದ ವರ್ಷ ಅಡಿಕೆ ಸುಲಿಯೋ ಟೈಮಲ್ಲಿ ಹೊಸನಗರ ಕಡೆಯ ಒಬ್ಬರು ಅಮ್ಮ ಬಂದಿದ್ರು. ರಾತ್ರಿ ಮೆಟ್ಟುಗತ್ತಿ ತಾಗಿ ಎಡಗೈ ತೋರುಬೆರಳು ಕೊಯ್ದಿತ್ತು, ನನ್ನ ಹತ್ರ ಬಂದಿದ್ದು ಮಾರನೇ ದಿನ ಸಂಜೆ. ಬಟ್ಟೆ ಬಿಚ್ಚಿದ್ರೆ ಗಾಯಾನೇ ಕಾಣ್ತಿಲ್ಲ, ಕಾಫಿಪುಡಿ, ಅದರ ಮೇಲೆ ಅರಿಶಿನ, ಎರಡೂ ರಕ್ತದ ಜೊತೆ ಸೇರಿ ಹೆಂಟೆ ಕಟ್ಟಿದೆ. ತೊಳೀಲಿಲ್ವಾ ಅಮ್ಮಾ ಅಂದ್ರೆ "ನೀರು ಸೋಕಿದ್ರೆ ಕೀವಾಗ್ತದಲ್ಲ ಡಾಕ್ಟ್ರೇ" ಅಂದ್ರು.

ವಾರಕ್ಕೆ ನಾಲ್ಕು ಸಲ ಈ ಮಾತು ಕೇಳ್ತೀನಿ. ಕೀವಾಗೋದು ನೀರಿಂದಲ್ಲ, ಒಳಗೆ ಉಳಿದ ಮಣ್ಣು, ಸಿಪ್ಪೆ ಚೂರು, ನೀವೇ ತುಂಬಿದ ಪುಡಿ, ಅದರಲ್ಲಿರೋ ಬ್ಯಾಕ್ಟೀರಿಯಾದಿಂದ. ಕುಡಿಯೋ ನೀರು ಸಾಕು, ನಲ್ಲಿ ಕೆಳಗೆ ಹಿಡೀರಿ ಇಲ್ಲಾ ಚೊಂಬಲ್ಲಿ ಐದು ನಿಮಿಷ ಸುರೀರಿ. ಪುಡಿ ಹಾಕಿದ ಕೂಡ್ಲೇ ರಕ್ತ ನಿಂತ್ತು ಅಂತೀರಲ್ಲ, ನಿಂತಿದ್ದು ಪುಡಿಯಿಂದಲ್ಲ, ಅದರ ಮೇಲೆ ಬಟ್ಟೆ ಇಟ್ಟು ಒತ್ತಿದ ನಿಮ್ಮ ಕೈಯಿಂದ. ಹಾಗಾಗಿ ಬರೀ ಒತ್ತಿ, ಗಡಿಯಾರ ನೋಡ್ಕೊಂಡು ಹತ್ತು ನಿಮಿಷ, ನಿಂತಿದ್ಯಾ ಅಂತ ಮಧ್ಯ ಮಧ್ಯ ಎತ್ತಿ ನೋಡ್ಬೇಡಿ, ಎತ್ತಿದ್ರೆ ಹೆಪ್ಪುಗಟ್ಟಿದ್ದು ಕಿತ್ಹೋಗ್ತದೆ. ರಕ್ತ ಜಾಸ್ತಿ ಹರೀತಿದ್ರೆ ತೊಳೆಯೋದು ನಮಗೆ ಬಿಡಿ, ಒತ್ತಿ ಹಿಡಿದೇ ಬನ್ನಿ.

ಆ ಅಮ್ಮಂಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸಲೈನ್ ಹಾಕಿ ಹಾಕಿ ಮುಕ್ಕಾಲು ಗಂಟೆ ತೊಳೆದೆ. ತಳದಲ್ಲಿ ಬೆಳ್ಳಗೆ ಹೊಳೀತಿತ್ತು ಟೆಂಡನ್, ನಮ್ಮೂರಲ್ಲಿ ನರ ಅಂತಾರಲ್ಲ, ಬೆರಳು ಮಡಚೋ ಹಗ್ಗ, ಅರ್ಧ ಕಡಿದಿತ್ತು. ಪುಡಿ ಇದ್ದಿದ್ದಕ್ಕೆ ಮನೇಲಿ ಯಾರಿಗೂ ಗಾಯದ ಆಳ ಗೊತ್ತಾಗಿಲ್ಲ. ಅವತ್ತು ಹೊಲಿಗೆ ಹಾಕ್ಲಿಲ್ಲ, ಕೊಳೆಯಾದ ಗಾಯ ಮುಚ್ಚಿ ಹೊಲಿದ್ರೆ ಕೀವು ಒಳಗೇ ಉಳೀತದೆ, ಅಂಥದ್ದನ್ನ ಮೂರ್ನಾಲ್ಕು ದಿನ ತೆರೆದಿಟ್ಟು ಡ್ರೆಸಿಂಗ್ ಮಾಡಿ ಆಮೇಲೆ ಹೊಲಿಯೋದುಂಟು. ಶಿವಮೊಗ್ಗಕ್ಕೆ ಸರ್ಜನ್ ಹತ್ರ ಕಳಿಸ್ದೆ. ಎಷ್ಟು ಗಂಟೆ ಒಳಗೆ ಬರ್ಬೇಕು ಅಂತ ಎಲ್ಲಾ ಗಾಯಕ್ಕೂ ಒಂದೇ ಲೆಕ್ಕ ಹೇಳೋಕಾಗಲ್ಲ, ಮುಖದ್ದಾದ್ರೆ ರಕ್ತ ಸಂಚಾರ ಚೆನ್ನಾಗಿರೋದ್ರಿಂದ ತಡವಾದ್ರೂ ಹೊಲೀತೀವಿ, ಕೈಕಾಲಿಂದು ಬೇಗ ಬಂದಷ್ಟೂ ಒಳ್ಳೇದು. ಗಾಯ ಬಾಯಿ ಬಿಟ್ಕೊಂಡಿದ್ರೆ, ಬೆರಳು ಮಡಚೋಕಾಗದಿದ್ರೆ, ಜೋಮು ಹಿಡಿದಿದ್ರೆ ಕಾಯ್ಲೇಬೇಡಿ. ಗಾಯಕ್ಕೆ ಮಣ್ಣು ಸೇರಿದ್ದು, ಟಿಟಿ (ಧನುರ್ವಾಯು ತಡೆಯೋ ಇಂಜೆಕ್ಷನ್) ತಗೊಂಡು ಐದು ವರ್ಷ ದಾಟಿದ್ರೆ ಮತ್ತೊಂದು ಬೇಕು. ನಾಯಿ ಕಚ್ಚಿದ್ದು ಬೇರೆ ವಿಷಯ, ಅದಕ್ಕೆ ಸೋಪು ನೀರಲ್ಲಿ 15 ನಿಮಿಷ ತೊಳ್ದು ಸೀದಾ ಆಸ್ಪತ್ರೆಗೆ ಹೋಗಿ.

ಅಮ್ಮನ ಬೆರಳು ಈಗ ಮಡಚ್ತದೆ, ತುದಿ ಗಂಟು ಮಾತ್ರ ಪೂರ್ತಿ ಬಗ್ಗಲ್ಲ. ಸುಲಿಯೋವಾಗ ಅಡಿಕೆ ಕೈಯಿಂದ ಜಾರ್ತದೆ ಅಂತಾರೆ.