ಫೋಟೋ ತೆಗೆದ ಊಟ ತಿನ್ನೋಕಾಗುತ್ತಾ?

ಪ್ರಶ್ನೆ: ಸಸ್ಯಾಹಾರ, ಪರಿಸರಸ್ನೇಹಿ ಅಡುಗೆ ಅಂತ ಈಗ ಎಲ್ಲೆಲ್ಲೂ ಚೆಂದದ ಫೋಟೋಗಳು. ಆದರೆ ಫೋಟೋಕ್ಕೆ ಇಂಜಿನ್ ಆಯಿಲ್, ಅಂಟು ಎಲ್ಲ ಹಾಕಿ ಕೊನೆಗೆ ತಿಪ್ಪೆಗೆ ಎಸೆಯುತ್ತಾರಲ್ಲ, ಇದೆಂಥ ಪರಿಸರ ಕಾಳಜಿ?

ಉತ್ತರ: ತಿನ್ನೋಕಾಗುತ್ತೆ. ತಿಂತೀವಿ. ಶೂಟಿಂಗ್ ಮುಗಿದ ಮೇಲೆ ಲೈಟ್ ಹಿಡಿದ ಹುಡುಗರಿಗೂ ಅದೇ ಊಟ.

ಈ ಇಂಜಿನ್ ಆಯಿಲ್ ಕಥೆ ಯಾರಾದರೂ ಎತ್ತದೆ ನನ್ನ ಒಂದು ಫುಡ್ ಫೋಟೋಗ್ರಫಿ ಕ್ಲಾಸೂ ಮುಗಿದಿಲ್ಲ. ಬುಡವೇ ಇಲ್ಲದ ಕಥೆ ಅಂತ ನಾನೂ ಹೇಳೋದಿಲ್ಲ. ಫಿಲ್ಮ್ ಕಾಲದಲ್ಲಿ ಸ್ಟುಡಿಯೋದ ಕಾವು ಕಾರುವ ಟಂಗ್‌ಸ್ಟನ್ ದೀಪಗಳ ಕೆಳಗೆ ಐಸ್‌ಕ್ರೀಮ್ ನಿಮಿಷವೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಆಲೂಗಡ್ಡೆ ನುರಿದು ಉಂಡೆ ಕಟ್ಟುತ್ತಿದ್ದರು. ಕಾರ್ನ್‌ಫ್ಲೇಕ್ಸ್ ಮೆತ್ತಗಾಗದಿರಲಿ ಅಂತ ಹಾಲಿನ ಬದಲು ಬಿಳಿ ಅಂಟು ಸುರಿಯುತ್ತಿದ್ದರು. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿ ಹಾಕಿದ್ದರು, ಮುಳುಗಬೇಕಾದ ತರಕಾರಿ ಮೇಲೆ ಕಾಣಲಿ ಅಂತ. ಮೋಸದ ಜಾಹೀರಾತಿನ ಮೇಲೆ ಕಣ್ಣಿಡುವ ಅಲ್ಲಿನ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1970ರಲ್ಲಿ ಅದಕ್ಕೆ ತಡೆ ಹಾಕಿತು. ಗಮನಿಸಿ, ಆ ಬಟ್ಟಲಿನಲ್ಲಿದ್ದ ತರಕಾರಿ ಅಸಲಿಯೇ. ಇರುವುದಕ್ಕಿಂತ ಹೆಚ್ಚು ತೋರಿಸಿದ್ದೇ ತಪ್ಪಾಯಿತು.

ಇವತ್ತು ಆ ಕಾರಣಗಳೇ ಉಳಿದಿಲ್ಲ. ಎಲ್‌ಇಡಿ ದೀಪಕ್ಕೆ ಆ ಕಾವಿಲ್ಲ, ಎಷ್ಟೋ ಜನ ಕಿಟಕಿ ಬೆಳಕಲ್ಲೇ ತೆಗೆಯುತ್ತಾರೆ, ಫಿಲ್ಮ್ ತೊಳೆದು ಬರುವ ತನಕ ಕಾಯಬೇಕಿಲ್ಲ. ಖಾಲಿ ತಟ್ಟೆಯಿಟ್ಟು ಬೆಳಕು, ಕೋನ ಎಲ್ಲ ಸರಿಮಾಡಿಕೊಂಡ ಮೇಲೆ ‘ಹೀರೋ’ ತಟ್ಟೆ, ಅಂದರೆ ಫೋಟೋಕ್ಕೆ ಕೂರುವ ಅಸಲಿ ಊಟದ ತಟ್ಟೆ, ಬರುತ್ತದೆ. ಇಡ್ಲಿ ಪಾತ್ರೆಯಿಂದ ನೇರ ಕ್ಯಾಮೆರಾ ಮುಂದೆ. ಹಿಂದಿನಿಂದ ಬೆಳಕು, ಆಚೆ ಒಂದು ಕಪ್ಪು ಬಟ್ಟೆ, ಅಷ್ಟಿದ್ದರೆ ಹಬೆ ತಾನಾಗಿ ಕಾಣುತ್ತದೆ. ಸಿಗರೇಟ್ ಹೊಗೆ ಊದಬೇಕಿಲ್ಲ ಮಾರಾಯ್ರೇ! ಜಾಹೀರಾತಿನವರು ಈಗಲೂ ಪ್ಲಾಸ್ಟಿಕ್ ಐಸ್ ತುಂಡು ಬಳಸುತ್ತಾರೆ, ನಿಜ. ತರಕಾರಿ ಮೇಲೆ ಹನಿ ನಿಲ್ಲಲಿ ಅಂತ ಗ್ಲಿಸರಿನ್ ಸಿಂಪಡಿಸುತ್ತಾರೆ, ಅದೂ ನಿಜ. ಐಸ್ ತುಂಡು ವರ್ಷಗಟ್ಟಲೆ ಬರುತ್ತದೆ. ಗ್ಲಿಸರಿನ್ ಕೇಕಿನ ಐಸಿಂಗ್‌ಗೂ ಹಾಕುವ ವಸ್ತು.

ಸಸ್ಯಾಹಾರಕ್ಕಂತೂ ನಕಲಿಯ ಅಗತ್ಯ ಇನ್ನೂ ಕಡಿಮೆ, ಅಡುಗೆ ಗೊತ್ತಿದ್ದರೆ. ಹುರುಳಿಕಾಯಿ ಫೋಟೋದಲ್ಲಿ ಮಂಕಾಗಿ ಬಂತು ಅಂತ ಗೋಳಾಡುವವರಿಗೆ ನಾನು ಕೇಳೋದು ಒಂದೇ: ಹುಣಸೆ ರಸ ಯಾವಾಗ ಹಾಕಿದಿರಿ? ಹುಳಿ ಮತ್ತು ಕಾವು ಸೇರಿದರೆ ಹಸಿರು ಬಣ್ಣ ಕೊಡುವ ಹರಿತ್ತಿನೊಳಗಿನ (ಕ್ಲೋರೋಫಿಲ್) ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ, ಹಸಿರು ಹೋಗಿ ಆಲಿವ್ ಬಣ್ಣ ಬರುತ್ತದೆ. ಮುಚ್ಚಳ ತೆಗೆದಿಟ್ಟು ಕುದಿಯುವ ನೀರಲ್ಲಿ ಎರಡು ನಿಮಿಷ, ತಕ್ಷಣ ತಣ್ಣೀರಿಗೆ, ಹುಳಿ ಕಟ್ಟಕಡೆಗೆ. ಅಜ್ಜಿಯಂದಿರು ಸೊಪ್ಪು ಬೇಯುವಾಗ ಮುಚ್ಚಬೇಡ ಅನ್ನುತ್ತಿದ್ದುದೂ ಇದಕ್ಕೇ: ಸೊಪ್ಪಿನದೇ ಹುಳಿ ಹಬೆಯ ಜತೆ ಹೊರಗೆ ಹೋಗಬೇಕು. ಇನ್ನು ರಾಗಿಮುದ್ದೆ. ಕ್ಯಾಮೆರಾ ಎಲ್ಲವನ್ನೂ ಬೂದು ಮಾಡಲು ನೋಡುತ್ತದೆ, ಅದಕ್ಕೇ ಮುದ್ದೆಗೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕು) ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ, ಇಡ್ಲಿಗೆ ಏರಿಸಿ. ಪಕ್ಕದಿಂದ ಬೆಳಕು ಕೊಟ್ಟು, ಬೆರಳಲ್ಲಿ ಒಂದು ಗುಳಿ ಒತ್ತಿ ತುಪ್ಪ ಬಿಟ್ಟರೆ ಆ ಮಿನುಗೇ ಸಾಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ಮುದ್ದೆಯ ಫೋಟೋ ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಅದಕ್ಕೆ ಮೊದಲು ‘ಕಪ್ಪು ಉಂಡೆ, ಚೆನ್ನಾಗಿ ಕಾಣಲ್ಲ’ ಅಂದವರೂ ಇವರೇ.

ಕಸದ ಮಾತಿಗೆ ಬಂದರೆ, ಶೂಟಿಂಗ್‌ನಲ್ಲಿ ಹಾಳಾಗುವುದು ಊಟಕ್ಕಿಂತ ಹೆಚ್ಚಾಗಿ ಸಾಮಾನು. ಒಂದೇ ಫೋಟೋಕ್ಕೆ ಕೊಂಡ ಪಿಂಗಾಣಿ ಬಟ್ಟಲು, ಥರ್ಮೋಕೋಲ್, ಪ್ಲಾಸ್ಟಿಕ್ ಬಾಳೆ ಎಲೆ! ಮಾರುಕಟ್ಟೆಯಲ್ಲಿ ಅಸಲಿ ಎಲೆ ಸಿಗುವ ಊರಲ್ಲಿ ಇದನ್ನು ಏನನ್ನಬೇಕೋ. ಹೀರೆಕಾಯಿ ಸಿಪ್ಪೆ ಚಟ್ನಿ, ಬಾಳೆದಿಂಡಿನ ಪಲ್ಯ ಈಗ ‘ಜೀರೋ ವೇಸ್ಟ್’ ಹೆಸರಲ್ಲಿ ಫೋಟೋಕ್ಕೆ ಕೂರುತ್ತಿವೆ. ಕೂರಲಿ, ರುಚಿಯೂ ಇದೆ.

ಇಷ್ಟು ಹೇಳಿದ ಮೇಲೆ ನೀವು ಕೇಳದ ಇನ್ನೊಂದು ಮಾತು. ಫೋಟೋದಲ್ಲಿ ಮಾಂಸ ಇಲ್ಲ ಅಂದ ಮಾತ್ರಕ್ಕೆ ಅದು ಪರಿಸರಸ್ನೇಹಿ ಆಗಿಬಿಡುತ್ತದಾ? ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಅಷ್ಟೇ ಪ್ರೋಟೀನಿಗೆ ಚೀಸ್ ಹೊರಹಾಕುವ ಹಸಿರುಮನೆ ಅನಿಲ ಸರಾಸರಿಯಲ್ಲಿ ಕೋಳಿಗಿಂತ ಹೆಚ್ಚು. ಹಾಲು ಕೊಡುವ ಹಸುವಿನ ಹೊಟ್ಟೆಯೂ ಮೀಥೇನ್ ಎಂಬ ಅಂಥದೇ ಅನಿಲ ಬಿಡುತ್ತದೆ, ನೀರು ನಿಂತ ಭತ್ತದ ಗದ್ದೆಯೂ ಬಿಡುತ್ತದೆ. ಆದ್ದರಿಂದ ಚೀಸ್ ಇಳಿಯುವ ಪಿಜ್ಜಾಕ್ಕೆ ನಾಲ್ಕು ತುಳಸಿ ಎಲೆ ಇಟ್ಟು ಹಸಿರು ಹ್ಯಾಶ್‌ಟ್ಯಾಗ್ ಹಾಕುವ ಮುಂಚೆ, ಹುರುಳಿಕಾಳಿನ ಬಸ್ಸಾರಿಗೆ ಒಂದು ಚಾನ್ಸ್ ಕೊಡಿ. ಫೋಟೋ ತೆಗೆಯೋದು ಕಷ್ಟ, ಒಪ್ಪುತ್ತೇನೆ. ಬೆಳಕು ಹಿಂದಿನಿಂದ ಬರಲಿ, ಒಗ್ಗರಣೆ ಕೊನೇ ಗಳಿಗೆಯಲ್ಲಿ ಬೀಳಲಿ.